ಮುಟ್ಟಿ ನೋಡು, ಮೂಸಿ ನೋಡು, ಕೇಳಿ ನೋಡು

ಕಳೆದ ಚಳಿಗಾಲದ ಒಂದು ಭಾನುವಾರ. ಸೌತ್‌ಲೇಕಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ಕರಿಂದ ಏಳು ವರ್ಷದೊಳಗಿನ ಆರು ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದೆವು. ಅಂದು ‘ಹ’ ಅಕ್ಷರದ ಸರದಿ. ಪುಸ್ತಕದಲ್ಲಿ ಹುಣಸೆಹಣ್ಣಿನ ಚಿತ್ರವಿತ್ತು. ಚಿತ್ರವೇಕೆ, ಹಣ್ಣೇ ಇದೆಯಲ್ಲ ಎಂದು ಅಡುಗೆಮನೆಯಿಂದ ಹುಣಸೆಯ ಉಂಡೆ ತಂದು ಎಲ್ಲರಿಗೂ ಚೂರು ಚೂರು ಕೊಟ್ಟೆವು. “ಹೇಗಿದೆ ಹೇಳಿ ನೋಡೋಣ” ಎಂದರೆ ನಾಲ್ವರು ‘ಯಕ್ಕಿ’ ಎಂದರು, ಒಬ್ಬಳು ‘ಯಮ್ಮಿ’ ಎಂದಳು. ಕೊನೆಯವನು, ಐದು ವರ್ಷದ ಪೋರ, ಕಣ್ಣು ಮುಚ್ಚಿ, ಮೈ ಜುಮ್ಮೆನ್ನಿಸಿಕೊಂಡು, ಒಂದು ಗಳಿಗೆ ಸುಮ್ಮನಿದ್ದು, “ಇದು ನನ್ನ ಕಿವಿ ಹತ್ರ ಕಚ್ತಾ ಇದೆ” ಎಂದ. ಉಳಿದವರು ನಕ್ಕರು. ನಾವೂ ನಕ್ಕು, “ಸರಿ, ಈಗ ‘ಹ’ ಬರಿ” ಎಂದು ಪೆನ್ಸಿಲನ್ನು ಅವನ ಕೈಗಿತ್ತೆವು.

ರಾತ್ರಿ ಸಾರಿಗೆ ಹುಳಿ ಹಿಂಡುವಾಗ ಒಂದು ತೊಟ್ಟನ್ನು ನಾಲಿಗೆಗೆ ಹಚ್ಚಿಕೊಂಡೆವು. ಹುಡುಗ ಹೇಳಿದ್ದು ನಿಜ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಯಾರೋ ಹಿಂಡಿದಂತಾಗುತ್ತದೆ. ಜೊಲ್ಲು ಸುರಿಸುವ ಗ್ರಂಥಿಗಳಲ್ಲಿ ಅತಿ ದೊಡ್ಡವು ಇರುವುದೇ ಅಲ್ಲಿ, ಎರಡೂ ಕಿವಿಗಳ ಮುಂದೆ ಮತ್ತು ಕೆಳಗೆ. ನಾಲಿಗೆಗೆ ಹುಳಿ ತಗುಲಿದೊಡನೆ ಅವು ಕೆಲಸಕ್ಕೆ ತೊಡಗುತ್ತವೆ. ವೈದ್ಯಕೀಯ ಕಾಲೇಜಿನಲ್ಲಿ ಓದಿ ತಿಳಿಯುವ ಸಂಗತಿಯನ್ನು ಆ ಮಗು ತನ್ನ ಮೈಯಲ್ಲೇ ಗಮನಿಸಿ, ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿತ್ತು. ಆ ದಿನದ ನಿಜವಾದ ಪಾಠ ಅದೇ. ಮೇಷ್ಟರ ಜಾಗದಲ್ಲಿ ಕುಳಿತ ನಾವು ಅದನ್ನು ನಗುವಿನಲ್ಲಿ ತೇಲಿಸಿಬಿಟ್ಟಿದ್ದೆವು. ಈ ಲೇಖನವನ್ನು ಆ ತಪ್ಪಿಗೆ ನಾವು ತೆರುವ ದಂಡವೆಂದು ಓದುಗರು ಭಾವಿಸಬೇಕು.

ಡಲ್ಲಾಸ್ ಸುತ್ತಿನ ನಮ್ಮ ಕನ್ನಡ ಮನೆಗಳಲ್ಲಿ ವಿಜ್ಞಾನಕ್ಕೆ ಒಂದು ದಿನ, ಕನ್ನಡಕ್ಕೆ ಒಂದು ದಿನ. ಆಸ್ಟಿನ್, ಹ್ಯೂಸ್ಟನ್ ಮಿತ್ರರ ಮನೆಗಳಲ್ಲೂ ಕಂಡದ್ದು ಇದೇ. ಶನಿವಾರ ರೋಬೋಟು ಜೋಡಿಸುವ ತರಗತಿ, ಗಣಿತದ ಟ್ಯೂಷನ್ನು, ಸೈನ್ಸ್ ಫೇರಿಗೆಂದು ಮೂರು ಮಡಿಕೆಯ ರಟ್ಟಿನ ಮೇಲೆ ಚಿತ್ರ ಅಂಟಿಸುವ ಸಂಭ್ರಮ. ಆ ರಟ್ಟಿನ ಕೆಲಸದಲ್ಲಿ ಮಗುವಿನ ಪಾಲೆಷ್ಟು, ಅಪ್ಪನ ಪಾಲೆಷ್ಟು ಎಂದು ಇಲ್ಲಿ ಕೆದಕುವುದು ಬೇಡ. ನಮ್ಮಲ್ಲಿ ಬಹುಮಂದಿ ಎಂಜಿನಿಯರುಗಳು, ಕೈ ಸುಮ್ಮನಿರುವುದಿಲ್ಲ. ಭಾನುವಾರ ಅ ಆ ಇ ಈ, ವಾರಗಳ ಹೆಸರು, ರಾಜ್ಯೋತ್ಸವಕ್ಕೆ ಹಾಡಿನ ತಾಲೀಮು. ಎರಡೂ ಒಳ್ಳೆಯವೇ. ಆದರೆ ಮೂರರಿಂದ ಎಂಟು ವರ್ಷದ ಮಗುವಿಗೆ ಇವೆರಡೂ ಒಂದೇ ಪಾಠವಾಗಬೇಕು, ಆ ಪಾಠ ಐದು ಇಂದ್ರಿಯಗಳಿಂದ ಆರಂಭವಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಭಾಷೆಯ ಒಂದು ಸೊಗಸನ್ನು ಗಮನಿಸಿ. ನೋಡುವುದು ಕಣ್ಣಿನ ಕೆಲಸ. ಕನ್ನಡ ಮಾತ್ರ ಆ ಮಾತನ್ನು ಕಣ್ಣಿಗಷ್ಟೇ ಬಿಟ್ಟುಕೊಟ್ಟಿಲ್ಲ. ಮುಟ್ಟಿ ನೋಡು, ಮೂಸಿ ನೋಡು, ಕೇಳಿ ನೋಡು, ತಿಂದು ನೋಡು ಎನ್ನುತ್ತೇವೆ. ಅಲ್ಲಿಗೂ ನಿಲ್ಲದೆ ಎಣಿಸಿ ನೋಡು, ತೂಗಿ ನೋಡು, ಹೋಲಿಸಿ ನೋಡು, ಕಡೆಗೆ ಮಾಡಿ ನೋಡು ಎನ್ನುತ್ತೇವೆ. ಪ್ರಯೋಗವೆಂದರೇನೆಂದು ಮಗುವಿಗೆ ‘ಮಾಡಿ ನೋಡು’ ಎಂಬುದಕ್ಕಿಂತ ಸುಲಭವಾಗಿ ಯಾರು ಹೇಳಬಲ್ಲರು? ‘ಕೇಳು’ ಎಂದರೆ ಕಿವಿಗೊಡು ಎಂದೂ ಹೌದು, ಪ್ರಶ್ನೆ ಹಾಕು ಎಂದೂ ಹೌದು. ನಮ್ಮ ನೆರೆಯ ಭಾಷೆಗಳಲ್ಲೂ ಇಂಥ ಬಳಕೆಯುಂಟು. ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ, ಉಪಯೋಗಕ್ಕಾಗಿ ಹೇಳುತ್ತಿದ್ದೇವೆ. ಕೈಯಲ್ಲಿರುವ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅಂಗಡಿಯಲ್ಲಿ ಬೇರೊಂದನ್ನು ಹುಡುಕುವವರಂತಾಗಿದ್ದೇವೆ ನಾವು.

ಈ ವಿಚಾರ ಹೊಸದೇನೂ ಅಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದರು. ಒರಟು ಮತ್ತು ನುಣುಪಿನ ಹಲಗೆ, ಸದ್ದು ಮಾಡುವ ಡಬ್ಬಿ, ವಾಸನೆಯ ಸೀಸೆಗಳಿಂದ ಕಲಿಸುವ ಪದ್ಧತಿಯನ್ನು ಬೆಳೆಸಿದವರು ಅವರು. 1939ರಲ್ಲಿ ಮದರಾಸಿಗೆ ಬಂದ ಆಕೆ ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದು ಅನೇಕ ಶಿಕ್ಷಕರನ್ನು ತಯಾರು ಮಾಡಿದರು. ನಮ್ಮವರೇ ಆದ ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು, ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಗಿಡಮರಗಳ ನಡುವೆ ಬಿಟ್ಟರು. ನಮ್ಮಲ್ಲಿ ಪರಂಪರೆಗೆ ಕೊರತೆಯಿಲ್ಲ. ವಿಮಾನ ಹತ್ತುವಾಗ ಅದನ್ನು ಕಟ್ಟಿಕೊಳ್ಳುವುದು ಮರೆತೆವು, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಮೊದಲು ಅಡುಗೆಮನೆಗೆ ಬನ್ನಿ.

ನಾಲಿಗೆಯಿಂದ ಆರಂಭಿಸೋಣ. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರಸಗಳನ್ನು ಹೇಳಿದರು. ಇಂದಿನ ವಿಜ್ಞಾನ ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕನ್ನು ಒಪ್ಪಿ, 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ‘ಉಮಾಮಿ’ಯನ್ನು ಐದನೆಯದಾಗಿ ಸೇರಿಸುತ್ತದೆ. ಖಾರ ಮತ್ತು ಒಗರು ಆ ಪಟ್ಟಿಯಲ್ಲಿಲ್ಲ. ಚೊಗರು ಚಹಾ ಕುಡಿದಾಗ ನಾಲಿಗೆ ಒರಟಾದಂತಾಗುವುದು ಮುಖ್ಯವಾಗಿ ಸ್ಪರ್ಶದ ಅನುಭವ. ಖಾರವೂ ರುಚಿಯಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೇಸಿನ್ ಎಂಬ ವಸ್ತುವಿನ ಜಾಡು ಹಿಡಿದು ಹೊರಟ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು, ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವೇ ಖಾರವನ್ನೂ ಗುರುತಿಸುತ್ತದೆಂದು 1997ರಲ್ಲಿ ತೋರಿಸಿದರು. 2021ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಅವರು, ಒತ್ತಡದ ಸ್ಪರ್ಶವನ್ನು ಅರಿಯುವ ಗ್ರಾಹಕಗಳನ್ನು ಪತ್ತೆ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರೊಡನೆ ಹಂಚಿಕೊಂಡರು. ‘ಬಾಯಿ ಉರೀತು’ ಎನ್ನುವ ನಮ್ಮ ಮಗುವಿಗೆ ಇದನ್ನು ತಿಳಿಸಿದರೆ ಅದು ಎಷ್ಟು ಬೀಗೀತು! ಬ್ಯಾಡಗಿ ಮೆಣಸಿನಕಾಯಿಯನ್ನೂ ಸಣ್ಣ ಹಸಿಮೆಣಸಿನಕಾಯಿಯನ್ನೂ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಖಾರವೆಂದು ಊಹಿಸಲು ಹೇಳಿ. ಕೆಂಪು ಕಂಡು ಮೋಸಹೋಗುವ ಕಣ್ಣನ್ನು ನಾಲಿಗೆ ತಿದ್ದುತ್ತದೆ. ಇಂದ್ರಿಯಗಳು ಒಂದನ್ನೊಂದು ಪರೀಕ್ಷಿಸುವುದನ್ನು ಮಗು ಅಲ್ಲಿಯೇ ಕಲಿಯುತ್ತದೆ. ಹಾಗೆಯೇ ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಕ್ಷೆ ತಪ್ಪು. ಒಂದು ಚಿಟಿಕೆ ಸಕ್ಕರೆಯಿಂದ ನೀವೇ ಪರೀಕ್ಷಿಸಬಹುದು.

ಮೂಗಿಗೆ ಇಂಗಿನ ಡಬ್ಬಿ ಸಾಕು. ಒಗ್ಗರಣೆಗೆ ಇಂಗು ಹಾಕಿದ ಕ್ಷಣಕ್ಕೆ ಗಡಿಯಾರ ನೋಡಿ, ಮಾಳಿಗೆಯ ಕೋಣೆಯಲ್ಲಿ ಕುಳಿತ ಮಗು ‘ಬಂತು’ ಎಂದು ಕೂಗುವವರೆಗೆ ಎಷ್ಟು ಹೊತ್ತಾಯಿತೆಂದು ಬರೆದಿಡಿ. ಮರುದಿನ ಏರ್ ಕಂಡೀಷನರ್ ನಿಲ್ಲಿಸಿ ಅದನ್ನೇ ಮಾಡಿ. ವಾಸನೆ ಹೇಗೆ ಪಯಣಿಸುತ್ತದೆಂಬ ವಿಚಾರ ತಾನಾಗಿಯೇ ಹುಟ್ಟುತ್ತದೆ. ಹೊಗೆಯ ಗಂಟೆ ಬಡಿದುಕೊಂಡರೆ ಅದೂ ಒಂದು ಪಾಠವೇ! ಹಸಿ ವಾಸನೆ, ಸೀದ ವಾಸನೆ, ಘಾಟು, ಕಮಟು, ಮುಗ್ಗಲು, ಘಮ ಎಂಬ ಒಂದೊಂದು ಮಾತೂ ಒಂದೊಂದು ಬಗೆಯ ತಿಳಿವಳಿಕೆ. ‘ಸ್ಮೆಲ್’ ಎಂಬ ಒಂದೇ ಪದದ ಮಗುವಿಗೆ ಹಿಟ್ಟು ಹುರಿದದ್ದು ಸಾಕೋ ಬೇಕೋ ತಿಳಿಯುವುದು ಹೇಗೆ?

ಕಿವಿಗೆ ದೋಸೆಹಿಟ್ಟು. ನಗಬೇಡಿ. ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬದಿದ್ದಾಗ ಓವನ್ನಿನ ದೀಪ ಹಚ್ಚಿ ಅದರೊಳಗಿಡುವುದು ಇಲ್ಲಿನ ಕನ್ನಡ ಮನೆಗಳು ಕಂಡುಕೊಂಡ ಉಪಾಯ. ಅದೇ ಹಿಟ್ಟನ್ನು ಮೂರು ಗಾಜಿನ ಜಾಡಿಗಳಿಗೆ ಅರ್ಧರ್ಧ ಸುರಿದು ಒಂದನ್ನು ಓವನ್ನಿನಲ್ಲಿ, ಒಂದನ್ನು ಅಡುಗೆಕಟ್ಟೆಯ ಮೇಲೆ, ಒಂದನ್ನು ಫ್ರಿಜ್ಜಿನಲ್ಲಿಡಿ. ಹಿಟ್ಟಿನ ಮಟ್ಟಕ್ಕೆ ಮಗುವಿನಿಂದಲೇ ಪಟ್ಟಿ ಅಂಟಿಸಿ. ಬೆಳಿಗ್ಗೆ ಎಷ್ಟು ಬೆರಳು ಏರಿತೆಂದು ಅಳೆಯಲಿ, ಮೂಸಲಿ, ಮುಚ್ಚಳ ತೆಗೆದು ಕಿವಿಯಿಡಲಿ. ಗುಳ್ಳೆ ಒಡೆಯುವ ಸಣ್ಣ ಚುಸುಚುಸು ಕೇಳಿಸುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ತಿಂದು ಹುಳಿಯನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ, ಬೆಚ್ಚಗಿದ್ದರೆ ಚುರುಕು, ತಣ್ಣಗಿದ್ದರೆ ಮಂದ ಎಂದು ಆಮೇಲೆ ಹೇಳಿ. ಮೊದಲು ಹೇಳಬೇಡಿ.

ಕಣ್ಣಿಗೆ ಅರಿಸಿನ. ಆರತಿಯ ತಟ್ಟೆಯ ಕೆಂಪು ನೀರಿನಲ್ಲಿ ಕೆಂಪು ಪುಡಿಯೇನೂ ಇರುವುದಿಲ್ಲ, ಹಳದಿ ಅರಿಸಿನ ಮತ್ತು ಬಿಳಿ ಸುಣ್ಣ ಅಷ್ಟೇ. ಸುಣ್ಣ ಚರ್ಮ ಸುಡುವ ವಸ್ತುವಾದ್ದರಿಂದ ಮಕ್ಕಳ ಕೈಗೆ ಬೇಡ. ಅರಿಸಿನದ ಕಲೆಯಾದ ಬಟ್ಟೆಗೆ ಸೋಪು ಉಜ್ಜಿದರೂ ಕಲೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆಮ್ಲ, ಕ್ಷಾರ ಎಂಬ ಹೆಸರುಗಳು ಐದನೇ ತರಗತಿಗೆ ಕಾಯಲಿ. ಬಣ್ಣ ಹೋಗಿ ಬಂದ ಸೋಜಿಗ ಮಾತ್ರ ಇಂದೇ ಆಗಲಿ.

ಚರ್ಮಕ್ಕೆ ಮೂರು ಬೋಗುಣಿ ನೀರು. ಒಂದರಲ್ಲಿ ಕೈ ತಾಳುವಷ್ಟು ಬಿಸಿ, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರು ಬೆಚ್ಚಗಿನ ನೀರು. ಬಲಗೈಯನ್ನು ಬಿಸಿಯಲ್ಲೂ ಎಡಗೈಯನ್ನು ತಣ್ಣೀರಿನಲ್ಲೂ ಒಂದು ನಿಮಿಷ ಇಟ್ಟು, ಎರಡನ್ನೂ ನಡುವಿನ ಬೋಗುಣಿಗೆ ಅದ್ದಿದರೆ ಒಂದೇ ನೀರು ಬಲಗೈಗೆ ತಣ್ಣಗೆ, ಎಡಗೈಗೆ ಬಿಸಿ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಇದನ್ನು ಉದಾಹರಿಸಿದ್ದಾನೆ. ಇಂದ್ರಿಯಗಳನ್ನು ನಂಬು, ಆದರೆ ಪೂರ್ತಿ ನಂಬಬೇಡ ಎಂಬ ಬುದ್ಧಿ ಮಗುವಿಗೆ ಬರುವುದು ಇಲ್ಲಿ. ಥರ್ಮಾಮೀಟರು ಏಕೆ ಬೇಕಾಯಿತೆಂದು ಆಗ ಅದೇ ಕೇಳುತ್ತದೆ.

ಇನ್ನು ಹೊರಗೆ. ಟೆಕ್ಸಾಸಿನಲ್ಲಿ ಹೆದ್ದಾರಿ, ಅಂಗಡಿಗಳ ಹೊರತು ಏನಿದೆ ಎಂಬ ಮಾತು ನಮ್ಮಲ್ಲಿ ಕೇಳಿಬರುವುದುಂಟು. ಸೌತ್‌ಲೇಕಿನಲ್ಲೇ ಬಾಬ್ ಜೋನ್ಸ್ ಹೆಸರಿನ ನಿಸರ್ಗಧಾಮವಿದೆ. ಅಲ್ಲಿಯ ಓಕ್ ಮರಗಳ ತೊಗಟೆಯ ಮೇಲೆ ಕೈಯಾಡಿಸಿದರೆ ಒರಟು, ತರಿ, ಬಿರುಕು ಎಂಬ ಮಾತುಗಳಿಗೆ ಬೇರೆ ಅರ್ಥ ಹೇಳಬೇಕಿಲ್ಲ. ಬೇಸಿಗೆಯ ಸಂಜೆ ಅಂಗಳದಲ್ಲಿ ಕ್ರಿಕೆಟ್ ಹುಳುಗಳ ಚಿರ್ ಚಿರ್ ಕೇಳಿ. ಹುಳುವಿನ ಕೂಗಿನ ವೇಗಕ್ಕೂ ಗಾಳಿಯ ಬಿಸಿಗೂ ನಂಟಿದೆಯೆಂದು 1897ರಲ್ಲಿ ಏಮಸ್ ಡಾಲ್ಬೇರ್ ಎಂಬ ಅಮೆರಿಕದ ವಿಜ್ಞಾನಿ ಸೂತ್ರ ಬರೆದ. ಅದರ ಸುಲಭ ರೂಪ ಹೀಗಿದೆ: 14 ಸೆಕೆಂಡಿನಲ್ಲಿ ಕೇಳಿದ ಕೂಗುಗಳನ್ನು ಎಣಿಸಿ 40 ಕೂಡಿಸಿದರೆ ಫ್ಯಾರನ್‌ಹೀಟ್ ಉಷ್ಣತೆ ಹೆಚ್ಚುಕಡಿಮೆ ಸಿಗುತ್ತದೆ. ಎಲ್ಲ ಜಾತಿಯ ಹುಳುಗಳೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ನಿಮ್ಮ ಹಿತ್ತಿಲಿನ ಹುಳು ಬಗ್ಗುತ್ತದೆಯೇ ಎಂದು ಪರೀಕ್ಷಿಸುವುದೇ ಆಟ. ಆಸ್ಟಿನ್ ಮಿತ್ರರಿಗೆ ಕಾಂಗ್ರೆಸ್ ಅವೆನ್ಯೂ ಸೇತುವೆಯಿದೆ. 1980ರಲ್ಲಿ ಸೇತುವೆ ನವೀಕರಣಗೊಂಡ ಬಳಿಕ ಅದರಡಿಯ ಸಂದುಗಳಲ್ಲಿ ಬೀಡುಬಿಟ್ಟ ಬಾವಲಿಗಳು ಬೇಸಿಗೆಯಲ್ಲಿ 15 ಲಕ್ಷದವರೆಗೆ ಇರುತ್ತವೆ. ಮುಸ್ಸಂಜೆ ಅವು ಹೊಗೆಯಂತೆ ಹೊರಡುವುದನ್ನು ನೋಡುತ್ತಾ, ದಾರಿಗಾಗಿ ಅವು ಕೂಗುವ ಕೂಗು ನಮ್ಮ ಕಿವಿಗೆ ನಿಲುಕದೆಂದು ಮಕ್ಕಳಿಗೆ ತಿಳಿಸಿ. ಹ್ಯೂಸ್ಟನ್ನಿನ ಬಾಹ್ಯಾಕಾಶ ಕೇಂದ್ರದಲ್ಲಿ ಚಂದ್ರನಿಂದ ತಂದ ಕಲ್ಲಿನ ಚೂರನ್ನು ಬೆರಳಿನಿಂದ ಮುಟ್ಟಬಹುದು. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದು ಫೋಟೋ ತೆಗೆಯುವ ಭರದಲ್ಲಿ ಮಗುವಿನ ಬೆರಳಿಗೆ ಅವಸರ ಮಾಡಬೇಡಿ.

ಈಗ ಒಂದು ಮನೆಯ ಮಾತು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ನಮ್ಮ ಹುಬ್ಬಳ್ಳಿ ಆ ಹಾದಿಯಲ್ಲೇ ಇತ್ತು. ದೂರದೂರದ ವಿಜ್ಞಾನಿಗಳು ನಮ್ಮ ಸೀಮೆಗೆ ಬಂದು ಬೀಡುಬಿಟ್ಟಿದ್ದರು. ನಾವಾಗ ಒಂಬತ್ತು ವರ್ಷದವರು. ಅವ್ವ ಬಾಗಿಲು ಕಿಟಕಿ ಮುಚ್ಚಿ, ನೀರಿನ ಕೊಡಕ್ಕೆ ದರ್ಭೆ ಹಾಕಿ, ನಮ್ಮನ್ನು ನಡುಮನೆಯಲ್ಲಿ ಕೂರಿಸಿದಳು. ಬಾಗಿಲ ಸಂದಿಯ ಬೆಳಕು ಆರಿದ್ದು ತಿಳಿಯಿತು. ಕಾಗೆಗಳ ಗದ್ದಲ ಎದ್ದು ಅಡಗಿದ್ದು ಕೇಳಿಸಿತು. ಎರಡು ನಿಮಿಷ ಮಿಕ್ಕಿ ಕತ್ತಲು, ಮತ್ತೆ ಬೆಳಕು. ನಮ್ಮ ಪಾಲಿಗೆ ಅದು ಕಿವಿಯ ಗ್ರಹಣವಾಗಿಯೇ ಉಳಿಯಿತು. ಅವ್ವನನ್ನು ದೂರಲಾರೆವು. ಮಕ್ಕಳ ಕಣ್ಣು ಹೋದೀತೆಂಬ ಅಂಜಿಕೆ ಸುಳ್ಳಲ್ಲ. ಹೇಗೆ ನೋಡಬೇಕೆಂದು ಆಕೆಗೆ ಯಾರೂ ತಿಳಿಸಿರಲಿಲ್ಲ.

2024ರ ಏಪ್ರಿಲ್ 8ರಂದು ಅಂಥದೇ ನೆರಳು ಡಲ್ಲಾಸ್ ಮೇಲೆ ಬಂತು. ಈ ಊರಿಗೆ ಅದರ ಹಿಂದಿನ ಖಗ್ರಾಸ 1878ರದು. ಅವ್ವ ಅಂದು ನಮ್ಮ ಮನೆಯಲ್ಲಿದ್ದಳು. ಬೆಳಿಗ್ಗೆಯಿಂದ ಮೋಡ ಮುಸುಕಿದ್ದ ಆಕಾಶ ಮಧ್ಯಾಹ್ನಕ್ಕೆ ಅಲ್ಲಲ್ಲಿ ತೆರೆಯಿತು. ತರಗತಿಯ ಮೂವರು ಮಕ್ಕಳು ಗ್ರಹಣದ ಕನ್ನಡಕ ಹಾಕಿಕೊಂಡು ಹಿತ್ತಿಲಲ್ಲಿ ಕುಣಿಯುತ್ತಿದ್ದರು. ಅವ್ವ ಮೊದಲು ಹೊರಬರಲಿಲ್ಲ. ಆಮೇಲೆ ಬೂಂದಿ ಕರಿಯುವ ಝಾರಿಯನ್ನು ಕೇಳಲು ಒಳಗೆ ಹೋದ ಮಗುವಿನ ಹಿಂದೆಯೇ ಬಂದಳು. ಝಾರಿಯನ್ನು ಬಿಸಿಲಿಗೆ ಹಿಡಿದರೆ ಒಂದೊಂದು ತೂತಿನಿಂದಲೂ ಒಂದೊಂದು ಹೆರೆಚಂದ್ರ ನೆಲದ ಮೇಲೆ! “ಅಯ್ಯ, ಬೂಂದಿ ಬದ್ಲಿ ಚಂದ್ರ ಉದರಾಕತ್ತಾವಲ್ಲೋ” ಎಂದು ಎಂಬತ್ತರ ಹತ್ತಿರದ ಅವ್ವ ಮಕ್ಕಳೊಂದಿಗೆ ನೆಲಕ್ಕೆ ಬಗ್ಗಿದಳು. 1 ಗಂಟೆ 40 ನಿಮಿಷಕ್ಕೆ ಬೆಳಕು ಆರಿತು. ತೋಳಿಗೆ ತಂಪು ತಾಗಿತು, ಹಕ್ಕಿಗಳು ಸುಮ್ಮನಾದವು, ಬೀದಿದೀಪ ಹೊತ್ತಿಕೊಂಡಿತು, ಶುಕ್ರಗ್ರಹ ಮಿನುಗಿತು. ಸೂರ್ಯ ಪೂರ್ತಿ ಮುಚ್ಚಿದ ಆ ಮೂರು ನಿಮಿಷಗಳಷ್ಟು ಹೊತ್ತು ಮಾತ್ರ ಬರಿಗಣ್ಣಿಗೆ ಅಪಾಯವಿಲ್ಲವೆಂದು ಹೇಳಿ ಅವ್ವನ ಕನ್ನಡಕ ತೆಗೆಸಿದೆವು. ಮತ್ತೆ ಬಿಸಿಲು ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: “ಅವತ್ತ ನಿನಗ ತೋರಸಬೇಕಾಗಿತ್ತು.”

ನಮ್ಮ ವಾದವೆಲ್ಲ ಆ ಮಾತಿನಲ್ಲಿದೆ. ನಲವತ್ತನಾಲ್ಕು ವರ್ಷಗಳ ಬಳಿಕ ಹಾಗೆ ಹೇಳುವ ಪ್ರಸಂಗ ನಮಗೂ ನಿಮಗೂ ಬಾರದಿರಲಿ. ನಾವು ಬಾಗಿಲು ಮುಚ್ಚುವುದು ಅಂಜಿಕೆಯಿಂದಲ್ಲ, ಅವಸರದಿಂದ. ಫಲ ಮಾತ್ರ ಒಂದೇ.

ಆಕ್ಷೇಪಣೆಗಳು ನಮಗೆ ಗೊತ್ತು. ಶಾಲೆಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಯುವ ಮಗುವಿಗೆ ಮನೆಯಲ್ಲಿ ಕನ್ನಡದಲ್ಲಿ ಹೇಳಿದರೆ ಗೊಂದಲವಾಗದೇ ಎಂದು ಕೆಲವರು ಕೇಳುತ್ತಾರೆ. ಕಿವಿಯ ಹತ್ತಿರ ಕಚ್ಚಿದ್ದನ್ನು ಗಮನಿಸಿದ ಹುಡುಗ ಆ ಗ್ರಂಥಿಯ ಇಂಗ್ಲಿಷ್ ಹೆಸರನ್ನು ಒಂದು ನಿಮಿಷದಲ್ಲಿ ಕಲಿಯುತ್ತಾನೆ. ಹೆಸರು ಕಲಿತವನು ಕಚ್ಚಿದ್ದನ್ನು ಗಮನಿಸುತ್ತಾನೆಂಬ ಭರವಸೆಯಿಲ್ಲ. ನಮಗೇ ಉತ್ತರ ತಿಳಿಯದಿದ್ದರೆ ಎಂದು ಅಂಜುವವರೂ ಇದ್ದಾರೆ. “ನನಗೂ ಗೊತ್ತಿಲ್ಲ, ಬಾ, ಮಾಡಿ ನೋಡೋಣ” ಎನ್ನುವ ತಂದೆತಾಯಿ ಎಲ್ಲ ಉತ್ತರ ಬಲ್ಲವರಿಗಿಂತ ಒಳ್ಳೆಯ ಮೇಷ್ಟರು. ಅಪಾಯದ ಮಾತು ಮಾತ್ರ ಗಟ್ಟಿಯಾದದ್ದು. ದೊಡ್ಡವರನ್ನು ಕೇಳದೆ ಯಾವುದನ್ನೂ ಬಾಯಿಗೆ ಹಾಕಬಾರದು. ಶುಚಿ ಮಾಡುವ ದ್ರವ, ಮಾತ್ರೆಗಳನ್ನು ಮೂಸುವುದೂ ಬೇಡ. ಬೇರೆಯವರ ಮಕ್ಕಳಿಗೆ ಕಡಲೆಕಾಯಿಯಂಥವು ಒಗ್ಗುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು. ಇಲ್ಲಿನ ಬೆಂಕಿಯಿರುವೆಯ ಗೂಡನ್ನೂ ಮೈ ತುರಿಸುವ ಮೂರೆಲೆಯ ವಿಷಬಳ್ಳಿಯನ್ನೂ ದೂರದಿಂದಲೇ ಗುರುತಿಸಲು ಕಲಿಸಬೇಕು. ಸೂರ್ಯನನ್ನು ಬರಿಗಣ್ಣಿನಿಂದ ನೋಡಲೇಕೂಡದು. ಎಲ್ಲಿ ಕೈ ಹಿಡಿಯಬೇಕೆಂದು ತಿಳಿಯುವುದೂ ವಿಜ್ಞಾನವೇ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಕೋರಿಕೆಗಳು ಮೂರು. ಪುಟ್ಟ ಮಕ್ಕಳ ಕನ್ನಡ ತರಗತಿಯ ಅರ್ಧ ಹೊತ್ತನ್ನು ಇಂಥ ‘ಮಾಡಿ ನೋಡು’ ಪಾಠಕ್ಕೆ ಮೀಸಲಿಡಬೇಕು. ಆರಾರು ತಿಂಗಳಿಗೆಂದು ಊರಿನಿಂದ ಬಂದು ಟಿ.ವಿ.ಯ ಮುಂದೆ ಬೇಸರದಿಂದ ಕುಳಿತಿರುವ ನಮ್ಮ ತಂದೆತಾಯಿಗಳನ್ನು ಆ ತರಗತಿಗೆ ಕರೆಯಬೇಕು. ಘಾಟು, ಕಮಟು, ಒಗರುಗಳ ನಿಘಂಟು ಅವರ ಬಾಯಲ್ಲಿದೆ. ಮಕ್ಕಳು ಕಂಡದ್ದು, ಕೇಳಿದ್ದು, ಮೂಸಿದ್ದನ್ನು ಅವರದೇ ಮಾತಿನಲ್ಲಿ ಅಚ್ಚುಹಾಕಲು ಈ ಪತ್ರಿಕೆಯಲ್ಲಿ ಒಂದು ಪುಟ ಕೊಡಬೇಕು. ತಪ್ಪು ಕನ್ನಡವಿದ್ದರೂ ತಿದ್ದುವುದು ಬೇಡ.

ಕಡೆಯದಾಗಿ, ಆ ಹುಡುಗನ ಸುದ್ದಿ. ಮೊನ್ನೆ ಅವನಿಗೆ ಒಂದು ನೆಲ್ಲಿಕಾಯಿಯ ಹೋಳು ಕೊಟ್ಟು, ಜಗಿದ ಮೇಲೆ ಒಂದು ಲೋಟ ನೀರು ಕೊಟ್ಟೆವು. ಕುಡಿದವನು ಲೋಟವನ್ನು ಬೆಳಕಿಗೆ ಹಿಡಿದು, ತಳದಲ್ಲಿ ಹುಡುಕಿ, “ಸಿಹಿ ಆಯ್ತು! ನೀರಿಗೆ ಏನ್ ಹಾಕಿದ್ರಿ?” ಎಂದು ನಮ್ಮನ್ನು ಅನುಮಾನದಿಂದ ದಿಟ್ಟಿಸಿದ. ಈ ಸಲ ನಾವು ಪೆನ್ಸಿಲ್ ಕೊಡಲಿಲ್ಲ. ನಲ್ಲಿಯಿಂದ ಅವನೇ ಇನ್ನೊಂದು ಲೋಟ ಹಿಡಿದು ತರಲಿ ಎಂದು ಬಿಟ್ಟು, ಇಷ್ಟೇ ಹೇಳಿದೆವು: “ಇನ್ನೊಂದು ಸಲ ಕುಡಿದು ನೋಡು.”